ಎಡ್ಮಂಟನ್ನಿನಲ್ಲಿ ಹದಿನೇಳು ದಿನಗಳು

ಪರದೇಶಕ್ಕೆ ಹೋಗಿ ಬಂದವರು ನಯಾಗರ ಜಲಪಾತವನ್ನೋ ರಾಕಿ ಪರ್ವತಗಳನ್ನೋ ಕುರಿತು ಬರೆಯುವುದು ವಾಡಿಕೆ. ನಾನೂ ನನ್ನ ಶ್ರೀಮತಿಯೂ 2024ರ ಬೇಸಿಗೆಯಲ್ಲಿ ಕೆನಡಾದ ಆಲ್ಬರ್ಟಾ ಪ್ರಾಂತದ ರಾಜಧಾನಿಯಾದ ಎಡ್ಮಂಟನ್ ನಗರದಲ್ಲಿ ಮಗನ ಮನೆಯಲ್ಲಿ ಮೂರು ತಿಂಗಳು ಇದ್ದೆವು. ರಾಕಿ ಪರ್ವತಗಳನ್ನು ನಾವೂ ನೋಡಿದೆವು. ಅವುಗಳ ಭವ್ಯತೆಯ ಬಗ್ಗೆ ಬಲ್ಲವರು ಈಗಾಗಲೇ ಸಾಕಷ್ಟು ಬರೆದಿದ್ದಾರೆ. ನನ್ನ ಮನಸ್ಸಿನಲ್ಲಿ ಉಳಿದುಕೊಂಡದ್ದು ಬೇರೊಂದು ಸಂಗತಿ. ಆ ವರ್ಷದ ಜೂನ್ 8ರಿಂದ 24ರವರೆಗಿನ ಹದಿನೇಳು ದಿನಗಳಲ್ಲಿ ಆ ಇಡೀ ನಗರವು ಒಂದು ಆಟದ ಗುಂಗಿನಲ್ಲಿ ಮುಳುಗಿತ್ತು. ಅದೇ ದಿನಗಳಲ್ಲಿ ನಮ್ಮ ಮನೆಯೊಳಗೂ ಒಂದು ಆಟ ನಡೆದಿತ್ತು. ಅದು ನನ್ನ ಕಣ್ಣಿಗೆ ಬಿದ್ದದ್ದು ತಡವಾಗಿ.

ಎಡ್ಮಂಟನ್ ಸುಮಾರು ಹತ್ತು ಲಕ್ಷ ಜನಸಂಖ್ಯೆಯ ನಗರ. ನಾರ್ತ್ ಸಸ್ಕಾಚೆವಾನ್ ಎಂಬ ನದಿಯು ಊರ ನಡುವೆ ಆಳವಾದ ಕಣಿವೆಯನ್ನು ಕೊರೆದುಕೊಂಡು ಹರಿಯುತ್ತದೆ. ಕಣಿವೆಯ ಎರಡೂ ದಂಡೆಗಳು ದಟ್ಟ ಹಸಿರು. ಅದರ ಮೇಲೆ 1913ರಲ್ಲಿ ತೆರೆದ ಕಪ್ಪು ಕಬ್ಬಿಣದ ಎತ್ತರದ ಸೇತುವೆಯೊಂದಿದೆ. ನಾನು ಪ್ರತಿನಿತ್ಯ ಸಂಜೆ ಅದರ ಮೇಲೆ ನಡೆದು ಬರುತ್ತಿದ್ದೆ. ಸಂಜೆ ಎಂದೆನಲ್ಲ, ಜೂನ್ ತಿಂಗಳಿನಲ್ಲಿ ಆ ಊರಿಗೆ ಸಂಜೆ ಎಂಬುದೇ ಬರುವುದಿಲ್ಲ. ಬೆಳಗಿನ ಐದಕ್ಕೆ ಹುಟ್ಟಿದ ಸೂರ್ಯ ರಾತ್ರಿ ಹತ್ತು ಗಂಟೆಯವರೆಗೂ ಮುಳುಗುವುದಿಲ್ಲ. ಮೊದಲ ವಾರ ನನ್ನ ಶ್ರೀಮತಿ ದೀಪ ಹಚ್ಚುವ ಹೊತ್ತು ಯಾವುದೆಂದು ತಿಳಿಯದೆ ಗಡಿಯಾರ ನೋಡಿ ಹಚ್ಚುತ್ತಿದ್ದಳು.

ಇಂಥ ಬಿಸಿಲಿನ ತಿಂಗಳಿನಲ್ಲಿ ಆ ಜನ ಮಂಜುಗಡ್ಡೆಯ ಮೇಲೆ ಆಡುವ ಆಟವನ್ನು ನೋಡಲು ಮುಗಿಬೀಳುವುದು ನನಗೆ ವಿಚಿತ್ರವಾಗಿ ಕಂಡಿತು. ಹಾಕಿ ಎಂದರೆ ನಮಗೆ ಧ್ಯಾನಚಂದ್, ನಮಗೆ ಕೊಡಗು. ಅವರಿಗೆ ಹಾಕಿ ಎಂದರೆ ಐಸ್ ಹಾಕಿಯೇ. ನಮ್ಮದಕ್ಕೆ ಅವರು ‘ಮೈದಾನದ ಹಾಕಿ’ ಎಂದು ವಿಶೇಷಣ ಸೇರಿಸುತ್ತಾರೆ. ಇನ್ನೂರು ಅಡಿ ಉದ್ದ, ಎಂಬತ್ತೈದು ಅಡಿ ಅಗಲದ ಅಂಗಳ. ಕಾಂಕ್ರೀಟಿನೊಳಗೆ ಹುದುಗಿಸಿದ ಕೊಳವೆಗಳಲ್ಲಿ ತಣ್ಣನೆಯ ದ್ರವವನ್ನು ಹರಿಸಿ, ಮೇಲೆ ಅಂಗುಲದಷ್ಟು ದಪ್ಪದ ಮಂಜುಗಡ್ಡೆಯನ್ನು ಕಟ್ಟಿರುತ್ತಾರೆ. ಚೆಂಡಿನ ಬದಲು ಮೂರಂಗುಲ ಅಗಲದ ರಬ್ಬರ್ ಬಿಲ್ಲೆ. ಅದಕ್ಕೆ ‘ಪಕ್’ ಎಂದು ಹೆಸರು. ಗೋಲಿ ಸೇರಿ ಒಂದೊಂದು ತಂಡದಲ್ಲಿ ಆರು ಜನ, ಇಪ್ಪತ್ತು ನಿಮಿಷಗಳ ಮೂರು ಅವಧಿಗಳು. ಪಕ್ಕು ಎಷ್ಟು ವೇಗದಿಂದ ಓಡುತ್ತದೆಂದರೆ ನನ್ನ ಎಪ್ಪತ್ತರ ಕಣ್ಣಿಗೆ ಅದು ಕಾಣುತ್ತಲೇ ಇರಲಿಲ್ಲ. ಜನ ಎದ್ದು ಕೂಗಿದರೆ ಗೋಲು ಆಯಿತೆಂದು ತಿಳಿದುಕೊಳ್ಳುತ್ತಿದ್ದೆ.

ಆ ಊರಿನ ತಂಡದ ಹೆಸರು ‘ಆಯ್ಲರ್ಸ್’, ಅಂದರೆ ಎಣ್ಣೆಯವರು. 1947ರಲ್ಲಿ ಹತ್ತಿರದ ಲೆಡ್ಯೂಕ್ ಎಂಬಲ್ಲಿ ಕಲ್ಲೆಣ್ಣೆಯ ನಿಕ್ಷೇಪ ಸಿಕ್ಕಿದಂದಿನಿಂದ ಆ ಸೀಮೆಯ ದೆಸೆ ತಿರುಗಿತು. ಹೆಸರಿಗೆ ಅದೇ ಮೂಲ. 1984ರಿಂದ 1990ರೊಳಗೆ ಈ ತಂಡ ಐದು ಬಾರಿ ಸ್ಟ್ಯಾನ್ಲಿ ಕಪ್ ಗೆದ್ದಿತು. ಅವುಗಳಲ್ಲಿ ಮೊದಲ ನಾಲ್ಕರಲ್ಲಿ ನಾಯಕನಾಗಿದ್ದವನು ವೇಯ್ನ್ ಗ್ರೆಟ್ಸ್‌ಕಿ. 1988ರಲ್ಲಿ ಅವನನ್ನು ಲಾಸ್ ಏಂಜಲಿಸ್ ತಂಡಕ್ಕೆ ಬಿಟ್ಟುಕೊಟ್ಟಾಗ ಊರಿಗೆ ಊರೇ ಕಣ್ಣೀರಿಟ್ಟಿತಂತೆ. ಕಪ್ಪನ್ನು ತಲೆಯ ಮೇಲೆತ್ತಿ ಹಿಡಿದ ಅವನ ಕಂಚಿನ ಪ್ರತಿಮೆ ಈಗಿನ ಕ್ರೀಡಾಂಗಣದ ಮುಂದೆ ನಿಂತಿದೆ. ನಮ್ಮ ಮೊಮ್ಮಗ ಅದನ್ನು ತೋರಿಸಿದ ರೀತಿ, ನಾನು ಅವನಿಗೆ ಹಂಪಿಯ ಕಲ್ಲಿನ ರಥವನ್ನು ತೋರಿಸಿದ ರೀತಿಯಂತೆಯೇ ಇತ್ತು.

ಈ ಮೊಮ್ಮಗನ ವಿಷಯ ಹೇಳಬೇಕು. ಅವನು ಹುಟ್ಟಿದ್ದು 2006ರ ಜೂನ್ ಮೊದಲ ವಾರದಲ್ಲಿ, ಅದೇ ಊರಿನಲ್ಲಿ. ಆ ತಿಂಗಳೇ ಆಯ್ಲರ್ಸ್ ತಂಡ ಅಂತಿಮ ಸರಣಿಯ ಏಳನೆಯ ಪಂದ್ಯದವರೆಗೆ ಹೋಗಿ ಕ್ಯಾರೊಲಿನಾ ತಂಡಕ್ಕೆ 3–1ರಿಂದ ಸೋತಿತ್ತು. ಅವನಿಗೆ ಹದಿನೆಂಟು ತುಂಬಿದ ವಾರವೇ ತಂಡ ಮತ್ತೆ ಅಂತಿಮ ಸರಣಿಗೆ ಬಂದಿತ್ತು. ಲಾಸ್ ಏಂಜಲಿಸ್, ವ್ಯಾಂಕೂವರ್, ಡಲ್ಲಾಸ್ ತಂಡಗಳನ್ನು ಸೋಲಿಸಿ ಬಂದ ಅದಕ್ಕೆ ಎದುರಾಳಿ, ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ದೂರದ ಫ್ಲೋರಿಡಾ ಪ್ಯಾಂಥರ್ಸ್. ಏಳರಲ್ಲಿ ನಾಲ್ಕು ಪಂದ್ಯ ಗೆದ್ದವರಿಗೆ ಕಪ್ಪು. ಕೆನಡಾದ ತಂಡವೊಂದು ಅದನ್ನು ಕೊನೆಯ ಸಲ ಗೆದ್ದದ್ದು 1993ರಲ್ಲಿ, ಮಾಂಟ್ರಿಯಲ್ ತಂಡ. ಆಟವನ್ನು ತಮ್ಮದೆಂದು ತಿಳಿದ ಒಂದು ದೇಶ ಮೂವತ್ತು ವರ್ಷ ಕಾದದ್ದರ ಬಿಸಿ ಆ ಊರಿನ ಗಾಳಿಯಲ್ಲೇ ಇತ್ತು. ಮನೆಮನೆಯ ಮುಂದೆ, ಕಾರುಗಳ ಕಿಟಕಿಗಳಲ್ಲಿ ಬಾವುಟಗಳು. ಬ್ಯಾಂಕಿನ ಗುಮಾಸ್ತರೂ ಕಿತ್ತಳೆ-ನೀಲಿ ಅಂಗಿ ತೊಟ್ಟು ಕುಳಿತಿದ್ದರು.

ನಾನು ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಮೂವತ್ತೆರಡು ವರ್ಷ ಗಣಿತ ಕಲಿಸಿ ನಿವೃತ್ತನಾದವನು. ಆದ್ದರಿಂದ ಮೊಮ್ಮಗನ ಬಾಯಿಂದ ಬರುತ್ತಿದ್ದ ಅಂಕಿಸಂಖ್ಯೆಗಳನ್ನು ಕೇಳಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆಯ್ಲರ್ಸ್ ತಂಡ ಆ ಋತುವಿನ ಮೊದಲ ಹನ್ನೆರಡು ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದಿತ್ತು. ನವೆಂಬರಿನಲ್ಲಿ ತರಬೇತುದಾರನನ್ನು ಬದಲಿಸಿದ ಮೇಲೆ ಒಂದು ಹಂತದಲ್ಲಿ ಸತತ ಹದಿನಾರು ಪಂದ್ಯಗಳನ್ನು ಗೆದ್ದಿತು. ಋತುವಿನ ಕೊನೆಗೆ 104 ಅಂಕ, ಫ್ಲೋರಿಡಾದವರಿಗೆ 110. ನಾಯಕ ಕಾನರ್ ಮ್ಯಾಕ್‌ಡೇವಿಡ್ 32 ಗೋಲು ಹೊಡೆದು, ಇನ್ನೂ 100 ಗೋಲುಗಳಿಗೆ ಪಾಸು ಕೊಟ್ಟು ನೆರವಾಗಿದ್ದ. ಗೋಲಿಗೂ ನೆರವಿಗೂ ಆಟಗಾರನ ಲೆಕ್ಕಕ್ಕೆ ಒಂದೊಂದು ಅಂಕ ಸೇರುತ್ತದೆ. ಹೀಗೆ ಅವನದು 132. ಹೈಮನ್ 54 ಗೋಲು. ಎದುರಾಳಿ ರೈನ್‌ಹಾರ್ಟ್ 57. ಇವೆಲ್ಲ ಹುಡುಗನಿಗೆ ಬಾಯಿಪಾಠ. ಅಷ್ಟೇ ಅಲ್ಲ, ಅಂಗಳದ ಯಾವ ಮೂಲೆಯಿಂದ ಹೊಡೆದ ಹೊಡೆತ ಗೋಲಾಗುವ ಸಂಭವ ಎಷ್ಟೆಂದು ಹಿಂದಿನ ಸಾವಿರಾರು ಹೊಡೆತಗಳಿಂದ ಲೆಕ್ಕ ಹಾಕಿ, ‘ನಿರೀಕ್ಷಿತ ಗೋಲು’ ಎಂಬ ಒಂದು ಸಂಖ್ಯೆಯನ್ನು ಅವರು ತಯಾರಿಸುತ್ತಾರೆ. ಅದನ್ನು ಅವನು ನನಗೆ ಊಟದ ಮೇಜಿನ ಮೇಲೆ ಶೇಂಗಾ ಚಟ್ನಿಯ ಡಬ್ಬಿಯನ್ನು ಗೋಲಾಗಿಟ್ಟು ವಿವರಿಸಿದ. ಸಂಭವನೀಯತೆಯ ಪಾಠವನ್ನು ನಾನು ಎಂದೂ ಅಷ್ಟು ಚೆನ್ನಾಗಿ ಕಲಿಸಿರಲಿಲ್ಲ.

ದೂರದರ್ಶನದಲ್ಲಿ ಆಟದ ನಡುನಡುವೆ ಬೇರೆ ಅಂಕಿಗಳೂ ಬರುತ್ತಿದ್ದವು. ತಂಡದ ಹೆಸರಿನ ಮುಂದೆ ‘–125’ ಎಂದೋ ‘+105’ ಎಂದೋ ಇರುತ್ತಿತ್ತು. ಇವೇನೆಂದು ಕೇಳಿದಾಗ ಮೊಮ್ಮಗ, “ಅದು ಬೆಟ್ಟಿಂಗ್ ದರ ಅಜ್ಜಾ. ಯಾರು ಗೆಲ್ತಾರಂತ ಹೇಳ್ತೈತಿ” ಎಂದ.

ಅವನ ಮಾತು ಅರ್ಧ ಮಾತ್ರ ನಿಜ. ಆ ಅರ್ಧವೇ ತೊಡಕಿನದು. ಅದನ್ನು ವಾಚಕರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಋಣಚಿಹ್ನೆಯ 125 ಎಂದರೆ ನೂರು ಡಾಲರ್ ಗೆಲ್ಲಲು ನೂರಿಪ್ಪತ್ತೈದು ಕಟ್ಟಬೇಕು. ಗೆಲ್ಲುವ ಸಂಭವ ಹೆಚ್ಚೆಂದು ಎಣಿಸಿದ ತಂಡಕ್ಕೆ ಈ ದರ. ಧನಚಿಹ್ನೆಯ 105 ಎಂದರೆ ನೂರು ಕಟ್ಟಿದರೆ ನೂರೈದು ಲಾಭ. ಇದನ್ನೇ ಇನ್ನೊಂದು ಪದ್ಧತಿಯಲ್ಲಿ 1.80 ಮತ್ತು 2.05 ಎಂದು ಬರೆಯುತ್ತಾರೆ, ಅಂದರೆ ಕಟ್ಟಿದ ಒಂದು ಡಾಲರಿಗೆ ಅಸಲೂ ಸೇರಿ ಕೈಗೆ ಬರುವ ಮೊತ್ತ. ಈಗ ಒಂದನ್ನು ಈ ಸಂಖ್ಯೆಗಳಿಂದ ಭಾಗಿಸಿ ನೋಡಿ. ಮೊದಲ ತಂಡಕ್ಕೆ ನೂರಕ್ಕೆ 55.6, ಎರಡನೆಯದಕ್ಕೆ 48.8. ಗೆಲ್ಲುವವರು ಇಬ್ಬರಲ್ಲಿ ಒಬ್ಬರೇ ಆದ್ದರಿಂದ ಎರಡೂ ಕೂಡಿ ನೂರಾಗಬೇಕಿತ್ತು. ಆಗುವುದು ನೂರನಾಲ್ಕಕ್ಕೂ ಮಿಕ್ಕಿ. ಹೆಚ್ಚಾದ ಆ ನಾಲ್ಕು, ಪಣ ಕಟ್ಟಿಸಿಕೊಳ್ಳುವವನ ಪಾಲು. ಯಾವ ತಂಡವಾದರೂ ಗೆಲ್ಲಲಿ, ಕಟ್ಟುವವರ ಹಣವನ್ನು ಎರಡೂ ಕಡೆ ಸರಿದೂಗಿಸಿಕೊಂಡರೆ ಅವನಿಗೆ ನೂರಕ್ಕೆ ನಾಲ್ಕು ಖಾತ್ರಿ. ಹಾಗಾಗಿ ಆ ಸಂಖ್ಯೆಯನ್ನು ಭವಿಷ್ಯವಾಣಿ ಎನ್ನುವುದಕ್ಕಿಂತ ಅಂಗಡಿಯ ಬೆಲೆಚೀಟಿ ಎನ್ನುವುದು ಸರಿ. ಸರಕಿನ ನಿಜವಾದ ಮೌಲ್ಯವೂ ಅದರಲ್ಲಿದೆ, ಅಂಗಡಿಕಾರನ ಲಾಭವೂ ಅದರಲ್ಲಿದೆ. ಎರಡನ್ನೂ ಬೆರೆಸಿ ಒಂದೇ ಅಂಕಿಯಾಗಿ ಬರೆದಿರುತ್ತಾರೆ.

ಕೆನಡಾದಲ್ಲಿ ಇದು ಹಳೆಯ ಪದ್ಧತಿಯೇನೂ ಅಲ್ಲ. ಒಂದೇ ಪಂದ್ಯದ ಮೇಲೆ ಹಣ ಕಟ್ಟುವುದು ಅಲ್ಲಿಯ ದಂಡಸಂಹಿತೆಯ ಪ್ರಕಾರ 2021ರ ಆಗಸ್ಟ್ 27ರವರೆಗೆ ಕಾನೂನುಬಾಹಿರವಾಗಿತ್ತು. ಸರ್ಕಾರದ ಲಾಟರಿಯವರಲ್ಲಿ ಒಂದಕ್ಕಿಂತ ಹೆಚ್ಚು ಪಂದ್ಯಗಳನ್ನು ಜೋಡಿಸಿ, ಎಲ್ಲವನ್ನೂ ಸರಿಯಾಗಿ ಊಹಿಸಿದರೆ ಮಾತ್ರ ಗೆಲ್ಲುವಂಥ ಚೀಟಿ ಸಿಗುತ್ತಿತ್ತು. ಜನ ವಿದೇಶೀ ತಾಣಗಳಿಗೆ ಹೇಗೂ ಹಣ ಕಟ್ಟುತ್ತಾರೆ, ಆ ಆದಾಯ ನಮಗೇ ಬರಲಿ ಎಂಬ ವಾದ ಗೆದ್ದಿತು. ಒಂಟಾರಿಯೊ ಪ್ರಾಂತವು 2022ರ ಏಪ್ರಿಲಿನಲ್ಲಿ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆಯಿತು. ಅಲ್ಲಿಂದ ಜಾಹೀರಾತುಗಳ ಮಹಾಪೂರ. ಗ್ರೆಟ್ಸ್‌ಕಿಯೂ ಮ್ಯಾಕ್‌ಡೇವಿಡ್ಡನೂ ಇಂಥ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಮಕ್ಕಳ ಮೇಲೆ ಪರಿಣಾಮವಾಗುತ್ತದೆಂಬ ಆಕ್ಷೇಪ ಎದ್ದ ಮೇಲೆ, 2024ರ ಫೆಬ್ರವರಿಯ ಕೊನೆಯಿಂದ ಒಂಟಾರಿಯೊ ಪ್ರಾಂತ ಆಟಗಾರರನ್ನು ಅವುಗಳಲ್ಲಿ ಬಳಸುವುದನ್ನು ನಿಷೇಧಿಸಿತು. ಆಟಗಾರರೂ ಇದರಿಂದ ಹೊರತಲ್ಲ. 2023ರ ಅಕ್ಟೋಬರಿನಲ್ಲಿ ಆಟವಾ ತಂಡದ ಶೇನ್ ಪಿಂಟೊ ಎಂಬ ತರುಣ ಆಟಗಾರನನ್ನು ಪಣಕ್ಕೆ ಸಂಬಂಧಿಸಿದ ನಡವಳಿಕೆಗಾಗಿ 41 ಪಂದ್ಯಗಳಿಂದ ಹೊರಗಿಟ್ಟರು.

ಸರಣಿ ಆರಂಭವಾಯಿತು. ಫ್ಲೋರಿಡಾದಲ್ಲಿ ನಡೆದ ಮೊದಲೆರಡು ಪಂದ್ಯಗಳಲ್ಲಿ ನಮ್ಮವರು (ನೋಡಿ, ಮೂರೇ ವಾರಗಳಲ್ಲಿ ‘ನಮ್ಮವರು’ ಆಗಿಬಿಟ್ಟಿದ್ದರು) 3–0, 4–1 ಅಂತರದಿಂದ ಸೋತರು. ಮೊದಲ ಪಂದ್ಯದಲ್ಲಿ ಅವರ ಗೋಲಿ ಸೆರ್ಗೈ ಬಾಬ್ರೋವ್‌ಸ್ಕಿ 32 ಹೊಡೆತಗಳಲ್ಲಿ ಒಂದನ್ನೂ ಒಳಗೆ ಬಿಡಲಿಲ್ಲ. ಎಡ್ಮಂಟನ್ನಿನಲ್ಲಿ ಮೂರನೆಯದೂ 4–3ರಿಂದ ಕೈಬಿಟ್ಟಿತು. ಅಂತಿಮ ಸರಣಿಯಲ್ಲಿ 0–3 ಹಿಂದೆಬಿದ್ದು ಕಪ್ಪು ಗೆದ್ದ ತಂಡ ಇತಿಹಾಸದಲ್ಲಿ ಒಂದೇ ಒಂದು, 1942ರ ಟೊರಾಂಟೊ. ಊರಿನ ಮುಖ ಬಾಡಿತು. ಆದರೆ ಜೂನ್ 15ರ ಶನಿವಾರ ಅದೇ ಬಾಬ್ರೋವ್‌ಸ್ಕಿಯ ಮೇಲೆ ಗೋಲುಗಳ ಸುರಿಮಳೆಯಾಗಿ ಅವನನ್ನು ಆಟದ ನಡುವೆಯೇ ಹೊರಗೆ ಕರೆಸಬೇಕಾಯಿತು, ಆಯ್ಲರ್ಸ್ 8–1. ಮಂಗಳವಾರ ಫ್ಲೋರಿಡಾದಲ್ಲಿ 5–3. ಆ ಎರಡು ಪಂದ್ಯಗಳಲ್ಲಿ ಮ್ಯಾಕ್‌ಡೇವಿಡ್‌ನ ಲೆಕ್ಕಕ್ಕೆ ನಾಲ್ಕು ನಾಲ್ಕು ಅಂಕ. ಬಾಡಿದ ಊರು ರಾತ್ರೋರಾತ್ರಿ ಚಿಗುರಿತು.

ಆರನೆಯ ಪಂದ್ಯ ಜೂನ್ 21ರ ಶುಕ್ರವಾರ, ವರ್ಷದ ಅತ್ಯಂತ ದೀರ್ಘ ಹಗಲಿನ ಹೊತ್ತು. ಕ್ರೀಡಾಂಗಣದೊಳಗೆ ಹದಿನೆಂಟು ಸಾವಿರ ಜನಕ್ಕೆ ಸ್ಥಳವಿದೆ. ಆದರೆ ಆ ದಿನದ ಟಿಕೀಟಿನ ಬೆಲೆಯಲ್ಲಿ ಧಾರವಾಡಕ್ಕೆ ಹೋಗಿ ಬರಬಹುದಿತ್ತು. ಹೊರಗಿನ ಚೌಕದಲ್ಲಿ ದೊಡ್ಡ ಪರದೆ ಹಾಕಿದ್ದರು. ಅಲ್ಲಿಗೆ ಮಗ, ಸೊಸೆ, ಮೊಮ್ಮಗ, ನಾವಿಬ್ಬರು ಮಧ್ಯಾಹ್ನ ನಾಲ್ಕಕ್ಕೇ ಹೋಗಿ ನಿಂತೆವು. ಸೊಸೆ ಚಪಾತಿ-ಪಲ್ಯದ ಸುರುಳಿಗಳನ್ನು ಕಟ್ಟಿಕೊಂಡು ಬಂದಿದ್ದಳು. ಪಕ್ಕದಲ್ಲಿ ನಿಂತ ಉಕ್ರೇನ್ ಮೂಲದ ಮುದುಕಿಯೊಬ್ಬಳಿಗೂ ಒಂದು ಕೊಟ್ಟಳು. ಆ ತಾಯಿ ಗೋಲಾದಾಗಲೆಲ್ಲ ನನ್ನ ಶ್ರೀಮತಿಯನ್ನು ಅಪ್ಪಿಕೊಳ್ಳುತ್ತಿದ್ದಳು. ಊರಿನ ತಂಡದ ಧರ್ಮನಿಧಿಯವರು ಮಾರುವ ಲಾಟರಿ ಚೀಟಿಯನ್ನೂ ಸೊಸೆ ಕೊಂಡಳು. ಬಂದ ಹಣದಲ್ಲಿ ಅರ್ಧ ಗೆದ್ದವರಿಗೆ, ಅರ್ಧ ಸತ್ಕಾರ್ಯಕ್ಕೆ. ಊರಿನ ಅರ್ಧ ಜನ ಕೊಳ್ಳುತ್ತಾರೆ. ಇದೂ ಜೂಜಲ್ಲವೆ ಎಂದು ನಾನು ಕೇಳಲಿಲ್ಲ. ಅಂಗಡಿಕಾರನ ಪಾಲು ನೂರಕ್ಕೆ ಐವತ್ತೆಂದು ಚೀಟಿಯ ಮೇಲೇ ಹೇಳಿದ ಪ್ರಾಮಾಣಿಕತೆಯನ್ನಂತೂ ಮೆಚ್ಚಿದೆ.

ಆಟ ಸಂಜೆ ಆರಕ್ಕೆ ಶುರುವಾಯಿತು. ಫೋಗಲ್ ಒಂದು, ಹೆನ್ರಿಕ್ ಒಂದು, ಹೈಮನ್ ಒಂದು. ಫ್ಲೋರಿಡಾದ ಬಾರ್ಕೋವ್ ಮೂರನೆಯ ಅವಧಿಯಲ್ಲಿ ಒಂದನ್ನು ತೀರಿಸಿದ. ಕೊನೆಗೆ ಫ್ಲೋರಿಡಾ ಗೋಲಿಯನ್ನು ಹಿಂದಕ್ಕೆ ಕರೆಸಿಕೊಂಡು ಹೆಚ್ಚಿನ ಆಟಗಾರನನ್ನು ಇಳಿಸಿದಾಗ ಬರಿದಾದ ಗೋಲಿಗೆ ಇನ್ನೆರಡು. 5–1. ಸರಣಿ 3–3. ಬಿಸಿಲಿನ್ನೂ ಕಣ್ಣು ಕುಕ್ಕುತ್ತಿತ್ತು. ಆ ಚೌಕದಲ್ಲಿ ನಾನು ಕಂಡ ಹರ್ಷೋದ್ಗಾರವನ್ನು ನನ್ನ ಜೀವಮಾನದಲ್ಲಿ ಇನ್ನೊಂದು ಸಲ ಮಾತ್ರ, 1983ರಲ್ಲಿ ಕಪಿಲದೇವ್ ವಿಶ್ವಕಪ್ ಎತ್ತಿದ ರಾತ್ರಿ ಕಂಡಿದ್ದೆ. ಅಪರಿಚಿತರು ನನ್ನ ಕೈ ಹಿಡಿದು ಕುಣಿಸಿದರು. ಬೀದಿಬೀದಿಗಳಲ್ಲಿ ಕಾರುಗಳ ಕೊಂಬಿನ ನಾದ.

ಆ ಗದ್ದಲದ ನಡುವೆ ಮೊಮ್ಮಗ ಒಬ್ಬನೇ ನೆಟ್ಟಗೆ ನಿಂತಿದ್ದ. ಕೈಯಲ್ಲಿ ಮೊಬೈಲು, ಮುಖದಲ್ಲಿ ರಕ್ತವಿಲ್ಲ. ಎಂಟನೆಯ ವಯಸ್ಸಿನಿಂದ ಯಾವ ತಂಡಕ್ಕಾಗಿ ಅತ್ತಿದ್ದನೋ ಆ ತಂಡ ಗೆದ್ದ ಹೊತ್ತಿನಲ್ಲಿ ಅವನು ಸೋತವನಂತೆ ನಿಂತದ್ದು ನನಗೆ ಅರ್ಥವಾಗಲಿಲ್ಲ. ಮೈಗೆ ಹುಷಾರಿಲ್ಲವೇನೋ ಎಂದು ಕೇಳಿದೆ. “ಏನಿಲ್ಲಜ್ಜಾ” ಎಂದ.

ಮರುದಿನ ಬೆಳಿಗ್ಗೆ ಎತ್ತರದ ಸೇತುವೆಯ ಮೇಲೆ ನನ್ನೊಡನೆ ನಡೆಯುವಾಗ ತಾನಾಗಿಯೇ ಹೇಳಿದ. ಹದಿನೆಂಟು ತುಂಬಿದ ದಿನವೇ ಒಂದು ತಾಣದಲ್ಲಿ ಖಾತೆ ತೆರೆದಿದ್ದ; ಆ ಪ್ರಾಂತದಲ್ಲಿ ಅದೇ ಕಾನೂನಿನ ವಯಸ್ಸು. ನಾಲ್ಕನೆಯ ಪಂದ್ಯದಲ್ಲಿ ಐವತ್ತು ಡಾಲರ್ ಕಟ್ಟಿ ಎಂಬತ್ತು ಪಡೆದ. ಐದನೆಯದರಲ್ಲಿ ಆ ಎಂಬತ್ತನ್ನೇ ಕಟ್ಟಿ ಇನ್ನೂರು ಪಡೆದ. ಆರನೆಯದಕ್ಕೆ ಇನ್ನೂರ ನಲವತ್ತು ಕಟ್ಟಿದ. ಅದೂ ಸರಳವಾದ ಪಣವಲ್ಲ, ಮೂರು ಊಹೆಗಳ ಮಾಲೆ. ಆಯ್ಲರ್ಸ್ ಗೆಲ್ಲಬೇಕು, ಪಂದ್ಯದಲ್ಲಿ ಒಟ್ಟು ಆರು ಗೋಲಾದರೂ ಆಗಬೇಕು, ಮ್ಯಾಕ್‌ಡೇವಿಡ್ ಒಂದು ಗೋಲನ್ನಾದರೂ ನೆರವನ್ನಾದರೂ ಪಡೆಯಬೇಕು. ಮೊದಲೆರಡೂ ನಿಜವಾದವು. ಹಿಂದಿನ ಎರಡು ಪಂದ್ಯಗಳಲ್ಲಿ ಎಂಟು ಅಂಕ ಗಳಿಸಿದ್ದ ಮ್ಯಾಕ್‌ಡೇವಿಡ್, ತನ್ನ ತಂಡ ಐದು ಗೋಲು ಹೊಡೆದ ಆ ಪಂದ್ಯದಲ್ಲಿ ಒಂದು ಅಂಕವನ್ನೂ ಪಡೆಯಲಿಲ್ಲ. ಕೊನೆಯ ಎರಡು ಗೋಲುಗಳಾಗುವಾಗ ಇಡೀ ಚೌಕ ಕುಣಿಯುತ್ತಿದ್ದರೆ, ಹುಡುಗ ಆ ಗೋಲುಗಳನ್ನು ಬೇರೆ ಆಟಗಾರರು ಹೊಡೆದರಲ್ಲಾ ಎಂದು ಮನಸ್ಸಿನಲ್ಲೇ ಶಪಿಸುತ್ತಿದ್ದ.

“ನಮ್ಮವರ ಗೋಲಿಗೆ ನನಗ ಸಿಟ್ಟು ಬಂತಜ್ಜಾ” ಎಂದ. ಹಣ ಹೋದದ್ದಕ್ಕಿಂತ ಅದೇ ಅವನನ್ನು ಹೆಚ್ಚು ನೋಯಿಸಿತ್ತೆಂದು ತೋರಿತು.

ನಾನು ತಕ್ಷಣ ಏನೂ ಹೇಳಲಿಲ್ಲ. ಅವನು, “ಇದು ಜೂಜ ಅಲ್ಲಜ್ಜಾ, ಇದರಾಗ ಲೆಕ್ಕ ಐತಿ. ಮ್ಯಾಕ್‌ಡೇವಿಡ್‌ಗ ಪಾಯಿಂಟ್ ಸಿಗದ ಮ್ಯಾಚ್ ಭಾಳ ಕಡಿಮಿ” ಎಂದು ಸಮರ್ಥಿಸಿಕೊಂಡ. ಲೆಕ್ಕವಿದೆ ಎಂಬುದು ಸುಳ್ಳಲ್ಲ. ಅವನಿಗಿಂತ ದೊಡ್ಡ ಲೆಕ್ಕಿಗರು ಅದೇ ಲೆಕ್ಕವನ್ನು ಮೊದಲೇ ಮಾಡಿ ದರದೊಳಗೆ ಸೇರಿಸಿಟ್ಟಿರುತ್ತಾರೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ಮಾಲೆಯ ವಿಷಯದಲ್ಲಂತೂ ಮೋಸ ಇನ್ನೂ ಸೂಕ್ಷ್ಮ. ಸಮಸಂಭವದ ನಾಲ್ಕು ಊಹೆಗಳನ್ನು ಜೋಡಿಸಿದಿರೆನ್ನಿ. ನಾಲ್ಕೂ ಸರಿಯಾಗುವ ಸಂಭವ ಹದಿನಾರರಲ್ಲಿ ಒಂದು, ಆದ್ದರಿಂದ ನ್ಯಾಯವಾಗಿ ಒಂದಕ್ಕೆ ಹದಿನಾರು ಬರಬೇಕು. ಒಂದೊಂದಕ್ಕೆ 1.91ರಂತೆ ಕೊಡುವ ಅಂಗಡಿಯಲ್ಲಿ ನಾಲ್ಕನ್ನೂ ಗುಣಿಸಿದರೆ ಬರುವುದು 13.3. ಬಿಡಿಯಾಗಿ ನೂರಕ್ಕೆ ನಾಲ್ಕೂವರೆಯಷ್ಟಿದ್ದ ಅಂಗಡಿಯ ಪಾಲು ಮಾಲೆಯಲ್ಲಿ ಹದಿನೇಳರ ಹತ್ತಿರ ಹೋಗುತ್ತದೆ. ಜಾಹೀರಾತುಗಳು ಮಾಲೆಯನ್ನೇ ಏಕೆ ಅಷ್ಟು ಹೊಗಳುತ್ತವೆ ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಸೇತುವೆಯ ಕಂಬಿಗೊರಗಿ ನಿಂತು ನಾನು ಅವನಿಗೆ ನನ್ನ ಹಿರಿಯಣ್ಣನ ಸಂಗತಿ ಹೇಳಿದೆ. ನಮ್ಮ ಮನೆಯಲ್ಲಿ ಅದನ್ನು ಯಾರೂ ಆಡುವುದಿಲ್ಲ. ಅವನ ತಂದೆಗೂ ಪೂರ್ತಿ ಗೊತ್ತಿಲ್ಲ. ಹುಬ್ಬಳ್ಳಿಯಲ್ಲಿ ಎಪ್ಪತ್ತರ ದಶಕದಲ್ಲಿ ಓ.ಸಿ. ಆಟದ ಹುಚ್ಚು ಮನೆಮನೆಗೂ ಹಬ್ಬಿದ ಕಾಲ. ಮುಂಬಯಿಯಿಂದ ದಿನವೂ ಓಪನ್ ಒಂದು, ಕ್ಲೋಸ್ ಒಂದು ಅಂಕಿ ಬರುತ್ತಿತ್ತು. ಸೊನ್ನೆಯಿಂದ ಒಂಬತ್ತರವರೆಗಿನ ಹತ್ತು ಅಂಕಿಗಳಲ್ಲಿ ಒಂದಕ್ಕೆ ಕಟ್ಟಿ ಗೆದ್ದರೆ ಒಂದಕ್ಕೆ ಒಂಬತ್ತು. ಅಣ್ಣ ಬುದ್ಧಿವಂತ, ಹಿಂದಿನ ಎರಡು ವರ್ಷಗಳ ಅಂಕಿಗಳನ್ನೆಲ್ಲ ಬರೆದಿಟ್ಟು, ಯಾವ ಅಂಕಿಯ ಹಿಂದೆ ಯಾವುದು ಬರುತ್ತದೆಂದು ಕೋಷ್ಟಕ ಹಾಕಿದ್ದ. ಅವನೂ ಅದನ್ನು ಜೂಜೆನ್ನುತ್ತಿರಲಿಲ್ಲ. ಮೊದಲು ಅತ್ತಿಗೆಯ ಬೋರಮಾಳ ಸಾಹುಕಾರನ ಪೆಟ್ಟಿಗೆ ಸೇರಿತು. ಆಮೇಲೆ ನವಲಗುಂದದ ಕಡೆಯ ನಾಲ್ಕೆಕರೆ ಎರೆಹೊಲದಲ್ಲಿ ಎರಡೆಕರೆ. ಅವನು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಏಳು ನೋಟುಪುಸ್ತಕ ಸಿಕ್ಕವು. ಪುಟಪುಟದಲ್ಲೂ ಗೆದ್ದ ದಿನಾಂಕ, ಗೆದ್ದ ಅಂಕಿ, ಬಂದ ರೂಪಾಯಿ, ಮುತ್ತಿನಂಥ ಅಕ್ಷರ. ಹೋದ ಒಂದು ರೂಪಾಯಿಯನ್ನೂ ಅವನು ಎಲ್ಲಿಯೂ ಬರೆದಿರಲಿಲ್ಲ.

ಹುಡುಗ ಬಹಳ ಹೊತ್ತು ಕೆಳಗಿನ ನದಿಯನ್ನು ನೋಡುತ್ತ ನಿಂತಿದ್ದ. ಆಮೇಲೆ, “ನಾನೂ ಗೆದ್ದದ್ದಷ್ಟ ನೆನಪಿಟ್ಟೇನಿ” ಎಂದ.

ಮನೆಗೆ ಬರುವ ದಾರಿಯಲ್ಲಿ ಒಂದು ನೋಟುಪುಸ್ತಕ ಕೊಂಡೆವು. ನಡುವೆ ಗೆರೆ ಎಳೆದು ಎಡಕ್ಕೆ ‘ಬಂದದ್ದು’, ಬಲಕ್ಕೆ ‘ಹೋದದ್ದು’ ಎಂದು ನಾನೇ ಕನ್ನಡದಲ್ಲಿ ಬರೆದುಕೊಟ್ಟೆ. ಮೊಬೈಲಿನಲ್ಲಿರುವ ಖಾತೆಯನ್ನು ತೆರೆದು ಮೊದಲ ದಿನದಿಂದ ಪ್ರತಿಯೊಂದನ್ನೂ ಬರೆಯಲು ಹೇಳಿದೆ. ಅರ್ಧ ಗಂಟೆ ಹಿಡಿಯಿತು. ಬಂದದ್ದು 280 ಡಾಲರ್. ಹೋದದ್ದು 610. ನಡುವೆ ಆಟ ನಡೆಯುತ್ತಿರುವಾಗಲೇ ಕಟ್ಟಿದ ಹತ್ತು, ಹದಿನೈದು, ಇಪ್ಪತ್ತರ ಪಣಗಳನ್ನು ಅವನು ನಿಜವಾಗಿಯೂ ಮರೆತಿದ್ದ. ಅವೇ 240 ಆಗಿದ್ದವು. ಕಿರಾಣಿ ಅಂಗಡಿಯಲ್ಲಿ ಗಂಟೆಗೆ ಹದಿನೈದು ಡಾಲರಿನಂತೆ ದುಡಿಯುತ್ತಿದ್ದ ಹುಡುಗ. ವ್ಯತ್ಯಾಸದ 330ನ್ನು ಹದಿನೈದರಿಂದ ಭಾಗಿಸಿ ಅವನೇ ಬದಿಗೆ ‘22 ಗಂಟೆ’ ಎಂದು ಬರೆದ. ನಾನು ಹೇಳಿಕೊಟ್ಟದ್ದಲ್ಲ.

ಮಗನಿಗೆ ಹೇಳಬೇಕೋ ಬೇಡವೋ ಎಂಬ ಪ್ರಶ್ನೆ ನನ್ನನ್ನು ಆ ರಾತ್ರಿ ನಿದ್ದೆಗೊಡಲಿಲ್ಲ. ಮಕ್ಕಳ ಮನೆಯಲ್ಲಿ ಅತಿಥಿಯಾಗಿರುವ ಹಿರಿಯರಿಗೆ ಈ ಸಂದಿಗ್ಧ ಹೊಸದಲ್ಲ. ಮುಚ್ಚಿಟ್ಟರೆ ದ್ರೋಹ, ಹೇಳಿದರೆ ಹುಡುಗನ ವಿಶ್ವಾಸಕ್ಕೆ ಎರವು. ಅಣ್ಣನ ವಿಷಯದಲ್ಲಿ ನಾನು ವರ್ಷಗಟ್ಟಲೆ ಸುಮ್ಮನಿದ್ದವನು ಎಂಬುದೂ ನೆನಪಾಯಿತು. ರವಿವಾರ ಬೆಳಿಗ್ಗೆ ಮೊಮ್ಮಗನನ್ನು ಕರೆದು, “ತಮ್ಮಾ, ನೀನ ಹೇಳು. ನಾಳೆ ಸಂಜಿ ತನಕ ನಾನು ಬಾಯಿ ಬಿಡೂದಿಲ್ಲ” ಎಂದೆ. ಮಧ್ಯಾಹ್ನ ಅಡುಗೆಮನೆಯಲ್ಲಿ ತಾಯಿಯ ಹತ್ತಿರ ನೋಟುಪುಸ್ತಕ ತೆಗೆದುಕೊಂಡು ಹೋದ. ಒಳಗೆ ಏನು ಮಾತಾಯಿತೋ ಕೇಳಲಿಲ್ಲ. ಸೊಸೆ ಹೊರಗೆ ಬಂದಾಗ ಕಣ್ಣು ಕೆಂಪಾಗಿದ್ದವು. ರಾತ್ರಿ ಊಟಕ್ಕೆ ಅವನಿಗೆ ಇಷ್ಟವಾದ ಎಣ್ಣೆಗಾಯಿ ಮಾಡಿದ್ದಳು. ಮಗ ಎರಡು ದಿನ ಮೊಮ್ಮಗನೊಡನೆ ಹೆಚ್ಚು ಮಾತಾಡಲಿಲ್ಲ, ನನ್ನೊಡನೆಯೂ.

ಏಳನೆಯ ಪಂದ್ಯ ಸೋಮವಾರ, ಫ್ಲೋರಿಡಾದ ಸನ್‌ರೈಸ್ ಎಂಬ ಊರಿನಲ್ಲಿ. ಅಂಕಿಗಳು ಏನು ಹೇಳುತ್ತವೆಂದು ನಾನೇ ಮೊಮ್ಮಗನನ್ನು ಕೇಳಿದೆ. ಸ್ಟ್ಯಾನ್ಲಿ ಕಪ್ಪಿನ ಅಂತಿಮ ಸರಣಿ ಅದುವರೆಗೆ ಹದಿನೇಳು ಸಲ ಏಳನೆಯ ಪಂದ್ಯಕ್ಕೆ ಹೋಗಿತ್ತು. ಹನ್ನೆರಡು ಸಲ ತವರಿನ ತಂಡ ಗೆದ್ದಿತ್ತು, ಐದು ಸಲ ಹೊರಗಿನದು. 0–3ರಿಂದ ಏಳನೆಯ ಪಂದ್ಯದವರೆಗೆ ಬಂದವರು 1942ರ ಟೊರಾಂಟೊ, 1945ರ ಡೆಟ್ರಾಯಿಟ್. ಮೊದಲನೆಯವರು ಗೆದ್ದರು, ಎರಡನೆಯವರು ಸೋತರು. “ಎರಡು ಉದಾಹರಣಿಯಿಂದ ಏನೂ ಸಿದ್ಧ ಆಗೂದಿಲ್ಲ ಅಲ್ಲಜ್ಜಾ?” ಎಂದ. ಆಗುವುದಿಲ್ಲ ಎಂದೆ. ತರಗತಿಯಲ್ಲಿ ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ನಾನು ಮೂವತ್ತೆರಡು ವರ್ಷ ಕಾದಿದ್ದೆ.

ಮನೆಯಲ್ಲೇ ಕುಳಿತು ನೋಡಿದೆವು. ಮೊದಲ ಅವಧಿಯಲ್ಲಿ ಫ್ಲೋರಿಡಾದ ವರ್ಹೇಗಿ ಒಂದು, ನಮ್ಮ ಯಾನ್‌ಮಾರ್ಕ್ ಒಂದು. ಎರಡನೆಯ ಅವಧಿಯ ಕೊನೆಯ ಭಾಗದಲ್ಲಿ ರೈನ್‌ಹಾರ್ಟ್ ಹೊಡೆದ ಗೋಲಿಗೆ 2–1. ಕೊನೆಯ ಇಪ್ಪತ್ತು ನಿಮಿಷ ಆಯ್ಲರ್ಸ್ ದಾಳಿಯ ಮೇಲೆ ದಾಳಿ ಮಾಡಿದರು. ಮೊಮ್ಮಗ ನೆಲದ ಮೇಲೆ ಮೊಣಕಾಲೂರಿ ಕುಳಿತಿದ್ದ. ಮೊಬೈಲು ಅಡುಗೆಮನೆಯ ಕಟ್ಟೆಯ ಮೇಲಿತ್ತು. ಒಂಬತ್ತು ದಿನಗಳ ಹಿಂದೆ ಆಟದ ನಡುವೆ ಹೊರಗೆ ಬರಬೇಕಾಗಿದ್ದ ಬಾಬ್ರೋವ್‌ಸ್ಕಿ ಆ ರಾತ್ರಿ 24 ಹೊಡೆತಗಳಲ್ಲಿ 23ನ್ನು ತಡೆದ. ಆಟ ಮುಗಿಯಿತು. ಮ್ಯಾಕ್‌ಡೇವಿಡ್‌ಗೆ ಅಂದೂ ಅಂಕವಿಲ್ಲ. ಆದರೂ ಒಟ್ಟು ಪ್ಲೇ ಆಫ್ ಪಂದ್ಯಗಳಲ್ಲಿ 42 ಅಂಕ ಗಳಿಸಿದ್ದ ಅವನನ್ನೇ ಶ್ರೇಷ್ಠ ಆಟಗಾರನೆಂದು ಆರಿಸಿದರು. ಸೋತ ತಂಡದ ಗೋಲಿಯಲ್ಲದ ಆಟಗಾರನೊಬ್ಬನಿಗೆ ಆ ಗೌರವ ಸಂದದ್ದು 1976ರ ನಂತರ ಅದೇ ಮೊದಲು. ಹೆಸರು ಕೂಗಿದರು, ಅವನು ಅದನ್ನು ಸ್ವೀಕರಿಸಲು ಅಂಗಳಕ್ಕೆ ಬರಲಿಲ್ಲ.

ಮೊಮ್ಮಗ ಅತ್ತ. ಹದಿನೆಂಟರ ಹುಡುಗ ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿ, ಚಿಕ್ಕಂದಿನಲ್ಲಿ ಅಳುತ್ತಿದ್ದಂತೆಯೇ ಅತ್ತ. ಅದನ್ನು ನೋಡಿ ಮಗ ಎದ್ದು ಬಂದು ಅವನ ಬೆನ್ನ ಮೇಲೆ ಕೈಯಿಟ್ಟು ಕುಳಿತ. ಹೊರಗೆ ಬೆಳಕಿತ್ತು, ಬೀದಿಯಲ್ಲಿ ಒಂದು ಕಾರಿನ ಕೊಂಬೂ ಕೇಳಿಸುತ್ತಿರಲಿಲ್ಲ. ಎದುರುಮನೆಯಾತ ಬಾವುಟವನ್ನು ಇಳಿಸಿ, ನೀಟಾಗಿ ಮಡಿಚಿ ಒಳಗೆ ಒಯ್ದ.

ನಾವು ಆಗಸ್ಟಿನಲ್ಲಿ ಧಾರವಾಡಕ್ಕೆ ಮರಳಿದೆವು. ಇಲ್ಲಿಯೂ ಸಂಜೆಯ ಕಟ್ಟೆಗಳ ಮೇಲೆ ಹುಡುಗರು ಮೊಬೈಲು ಹಿಡಿದು ಕ್ರಿಕೆಟ್ಟಿನ ದರಗಳನ್ನು ಆಡಿಕೊಳ್ಳುವುದು ಈಗ ನನ್ನ ಕಿವಿಗೆ ಬೀಳತೊಡಗಿತು; ಮೊದಲೂ ಆಡುತ್ತಿದ್ದಿರಬೇಕು. 2025ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಕೆನಡಾ ತೆರೆದ ಬಾಗಿಲನ್ನು ನಾವು ಮುಚ್ಚಿದ್ದೇವೆ. ಓ.ಸಿ.ಯೂ ನಿಷಿದ್ಧವೇ ಆಗಿತ್ತೆಂಬುದನ್ನು ನಾನು ಮರೆತಿಲ್ಲ.

2025ರ ಜೂನಿನಲ್ಲಿ ಅದೇ ಎರಡು ತಂಡಗಳು ಮತ್ತೆ ಅಂತಿಮ ಸರಣಿಯಲ್ಲಿ ಎದುರಾದವು. ಈ ಸಲ ಆರನೆಯ ಪಂದ್ಯಕ್ಕೇ ಮುಗಿಯಿತು. ರೈನ್‌ಹಾರ್ಟ್ ಒಬ್ಬನೇ ನಾಲ್ಕು ಗೋಲು ಹೊಡೆದು, ಫ್ಲೋರಿಡಾ 5–1ರಿಂದ ಗೆದ್ದು ಕಪ್ಪನ್ನು ಉಳಿಸಿಕೊಂಡಿತು. ನಮಗಾಗ ಜೂನ್ 18ರ ಬೆಳಗು. ನಾನು ಅಂಗಳದಲ್ಲಿ ಪತ್ರಿಕೆ ಓದುತ್ತಿದ್ದಾಗ ಮೊಮ್ಮಗನ ಫೋನು ಬಂತು.

“ಅಜ್ಜಾ, ಸೋತ್ವಿ” ಎಂದ.

“ಯಾರು, ತಂಡ ಅಷ್ಟ ಏನು?” ಎಂದು ಕೇಳಿದೆ. ಆ ಕಡೆ ಒಂದು ಕ್ಷಣ ಮೌನ. ಆಮೇಲೆ ನಕ್ಕ. “ತಂಡ ಅಷ್ಟ ಅಜ್ಜಾ. ಅಜ್ಜಿಗೆ ಫೋನ್ ಕೊಡು” ಎಂದ.